ಇನ್ನೂರ ಹದಿನಾಲ್ಕನೆಯ ಚೀಲ

ಬೆಳಗ್ಗೆ ಏಳು ಗಂಟೆಗೆ ತೆಕ್ಲಾ ಪಾವ್ಲಿಕ್ ಇನ್ನೂರ ಹದಿನಾಲ್ಕನೆಯ ಚೀಲದ ಪಿನ್ನು ಬಿಚ್ಚಿದಳು. ಒಳಗಿನ ಬಟ್ಟೆಯ ಅಟ್ಟಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಚೀಲದೊಳಗೆ ಕೈಯಾಡಿಸಿದಳು. ತಲೆಕೆಳಗು ಮಾಡಿ ಕೊಡವಿದಳು. ಆಮೇಲೆ ಸೋಪಿನ ಡಬ್ಬಗಳ ಮೇಲೆ ಮೆಲ್ಲಗೆ ಕುಳಿತುಬಿಟ್ಟಳು.

"ವಾಸಿಲ್, ಅದು ಇಲ್ಲ."

ನಾನು ವ್ಯಾನಿನಿಂದ ಟವೆಲ್ಲಿನ ಮೂಟೆ ಇಳಿಸುತ್ತಿದ್ದೆ. "ಯಾವ್ದು ಇಲ್ಲ?"

"ನಾನು ಇಟ್ಟಿದ್ದು. ನಿನ್ನೆ ಇದರೊಳಗೆ ಇಟ್ಟಿದ್ದು." ಅವಳ ತುಟಿ ಬಿಳಿಚಿಕೊಂಡಿತ್ತು. "ಯಾರೋ ತೆಗೆದಿದಾರೆ. ಇನ್ನು ಆ ಹುಡುಗಿ ಗತಿ ಮುಗೀತು."

೧೯೮೩ರ ಜುಲೈ. ವಿಶ್ವದ ವಿದ್ಯಾರ್ಥಿಗಳ ಕ್ರೀಡಾಕೂಟ ನಮ್ಮ ಎಡ್ಮಂಟನ್‌ಗೆ ಬಂದಿತ್ತು. ವಿಶ್ವವಿದ್ಯಾಲಯದ ವಸತಿಗೃಹಗಳನ್ನು ಖಾಲಿ ಮಾಡಿಸಿ, ಸುತ್ತ ಬೇಲಿ ಎಬ್ಬಿಸಿ, ಅದಕ್ಕೆ ಕ್ರೀಡಾಗ್ರಾಮ ಎಂದು ಹೆಸರಿಟ್ಟಿದ್ದರು. ಊರಲ್ಲಿ ಕೈಕಾಲು ಗಟ್ಟಿಯಿದ್ದವರೆಲ್ಲ ಸ್ವಯಂಸೇವಕರು. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ನನಗೆ ಒಂದು ವ್ಯಾನು ಸಿಕ್ಕಿತು. ನಮ್ಮ ಉಕ್ರೇನಿ ಚರ್ಚಿನ ಹೆಂಗಸರಾದ ತೆಕ್ಲಾಗೂ ಪರಾಸ್ಕಾಗೂ ನೆಲಮಾಳಿಗೆಯ ಲಾಂಡ್ರಿ ಸಿಕ್ಕಿತು.

ಲಾಂಡ್ರಿಯ ಕಟ್ಟಳೆ ಒಂದೇ. ಪ್ರತಿ ಕ್ರೀಡಾಪಟುವಿಗೂ ಒಂದು ಬಲೆಬಟ್ಟೆಯ ಚೀಲ, ಅದರ ಬಾಯಿಗೆ ನಂಬರು ಕೊರೆದ ದೊಡ್ಡ ಹಿತ್ತಾಳೆ ಪಿನ್ನು. ಚೀಲವನ್ನು ಯಾರೂ ಬಿಚ್ಚಬಾರದು. ಬಿಚ್ಚದೆಯೇ ಒಗೆಯುವ ಯಂತ್ರಕ್ಕೆ, ಬಿಚ್ಚದೆಯೇ ಒಣಗಿಸುವ ಯಂತ್ರಕ್ಕೆ, ಬಿಚ್ಚದೆಯೇ ಕಪಾಟಿಗೆ. ಎರಡು ಸಾವಿರ ಜನರ ಕಾಲುಚೀಲ ಅದಲುಬದಲಾಗದಿರಲು ಬೇರೆ ದಾರಿಯಿಲ್ಲ. ಮುದುರಿಕೊಂಡ ಬಟ್ಟೆ ಕಂಡು ಇಟಲಿಯ ಕತ್ತಿವರಸೆಯ ಹುಡುಗನೊಬ್ಬ ಜಗಳಕ್ಕೆ ಬಂದಿದ್ದ. "ಇಸ್ತ್ರಿ ಬೇಕಿದ್ರೆ ನಿಮ್ಮಮ್ಮನ್ನೂ ಕರ್ಕೊಂಡು ಬರಬೇಕಿತ್ತು," ಎಂದು ಪರಾಸ್ಕಾ ಅವನನ್ನು ಓಡಿಸಿದ್ದಳು.

ಇನ್ನೂರ ಹದಿನಾಲ್ಕು ಸೋವಿಯತ್ ತಂಡದ ಮಿರೋಸ್ಲಾವಾ ದೆರ್ಕಾಚ್‌ಳ ನಂಬರು. ಇಪ್ಪತ್ತೆರಡರ ಹುಡುಗಿ. ನಾನೂರು ಮೀಟರ್ ಹರ್ಡಲ್ಸ್ ಓಡುವವಳು. ಅವತ್ತು ಸಂಜೆ ಐದಕ್ಕೆ ಅವಳ ಫೈನಲ್. ದೆರ್ಕಾಚ್ ಎಂಬುದು ತೆಕ್ಲಾಳ ತವರಿನ ಹೆಸರು. ತಂಡದ ಪಟ್ಟಿಯಲ್ಲಿದ್ದ ಊರೂ ಅಪ್ಪನ ಹೆಸರೂ ಹೊಂದಿದ್ದವು; ಹುಡುಗಿ ಅವಳ ತಮ್ಮನ ಮಗಳು.

ಇದು ನನಗೊಬ್ಬನಿಗೆ ಗೊತ್ತಿತ್ತು. ನಲವತ್ತೆರಡರಲ್ಲಿ ಜರ್ಮನರು ತೆಕ್ಲಾಳನ್ನು ಹಳ್ಳಿಯಿಂದ ಕೂಲಿಗೆ ಎಳೆದೊಯ್ದಾಗ ಅವಳಿಗೆ ಹದಿನೇಳು, ತಮ್ಮನಿಗೆ ಒಂಬತ್ತು. ಯುದ್ಧ ಮುಗಿದ ಮೇಲೆ ಅವಳು ನಿರಾಶ್ರಿತರ ಶಿಬಿರ ಸೇರಿ ಅಲ್ಲಿಂದ ಇಲ್ಲಿಗೆ ಬಂದಳು. ಹಿಂದಕ್ಕೆ ಹೋಗಲಿಲ್ಲ, ಬರೆಯಲೂ ಇಲ್ಲ. ಹೊರದೇಶದ ಕಾಗದ ಬಂದ ಮನೆಗೆ ಅಲ್ಲಿ ಏನಾಗುತ್ತದೆಂದು ನಮ್ಮವರಲ್ಲಿ ಎಲ್ಲರಿಗೂ ಗೊತ್ತು.

"ಪೊಲೀಸರಿಗೆ ಹೇಳೋಣ್ವಾ?" ಎಂದೆ.

"ಹೇಳಿದ್ರೆ ಅವರ ತಂಡಕ್ಕೂ ಹೇಳಿದ ಹಾಗೆ. ಬೇಡ. ಮೇಲಿನ ಥೋರಾನ ಕರಿ."

ಥೋರಾ ಬ್ಯಾರ್ನಸನ್ ಕ್ರೀಡಾಗ್ರಾಮದ ಕಳೆದ ವಸ್ತುಗಳ ಕೌಂಟರಿನಲ್ಲಿ ಕೂರುತ್ತಿದ್ದಳು. ರೈಲಿನಲ್ಲಿ ಕಳೆದುಹೋದ ಪೆಟ್ಟಿಗೆಗಳನ್ನು ಹುಡುಕಿಕೊಡುವುದೇ ಅವಳ ಇಪ್ಪತ್ತೆಂಟು ವರ್ಷದ ನೌಕರಿಯಾಗಿತ್ತು. ವಿಳಾಸವಿಲ್ಲದ ಪೆಟ್ಟಿಗೆ ಬಿಚ್ಚಿ, ಒಳಗಿನ ಸಾಮಾನು ನೋಡಿ, ಇದು ಇಂಥವರದು ಎಂದು ಹೇಳುವವಳು. ಎತ್ತರದ ಆಳು. ಜುಲೈ ತಿಂಗಳಲ್ಲೂ ಸ್ವೆಟರ್. ಕೆಳಗಿಳಿದು ಬಂದವಳು ಯಾವ ಸಮಾಧಾನವನ್ನೂ ಹೇಳಲಿಲ್ಲ.

"ಪೊಟ್ಟಣದಲ್ಲಿ ಏನಿತ್ತು?"

"ಒಂದು ಕಾಗದ. ಒಂದು ತಲೆವಸ್ತ್ರ, ನಮ್ಮಮ್ಮಂದು," ತೆಕ್ಲಾ ಹೇಳಿದಳು. "ನನ್ನ ರೈಲು ಹತ್ತಿಸಿದಾಗ ಅಮ್ಮ ತನ್ನ ತಲೆಯಿಂದ ಬಿಚ್ಚಿ ನನಗೆ ಕಟ್ಟಿದ್ದು. ತಮ್ಮ ನೋಡಿದ್ರೆ ಗುರುತು ಹಿಡೀತಾನೆ. ಕಾಗದಾನ ಅದರೊಳಗಿಟ್ಟು, ಮೇಲೆ ಬಿಳಿ ಬಟ್ಟೆ ಸುತ್ತಿ ಹೊಲಿದಿದ್ದೆ."

"ಕಾಗದದಲ್ಲಿ ಹೆಸರಿದೆಯಾ?"

"ಎಲ್ಲಾ ಇದೆ. ನನ್ನ ಹೆಸರು, ತಮ್ಮನ ಹೆಸರು, ವಿಳಾಸ."

"ಹುಡುಗಿಗೆ ಗೊತ್ತಿತ್ತಾ?"

"ನಿನ್ನೆ ಚೀಲ ಕೊಡೋಕೆ ಬಂದಾಗ ಒಂದೇ ಮಾತು ಹೇಳ್ದೆ — ನಾಳೆ ಬಟ್ಟೆ ನಿಧಾನವಾಗಿ ಬಿಚ್ಚಿ ನೋಡು ಅಂತ. ತಲೆ ಆಡಿಸಿದಳು."

"ಚೀಲ ವಾಪಸ್ ಯಾವಾಗ?"

"ಮಧ್ಯಾಹ್ನ ಹನ್ನೆರಡಕ್ಕೆ ಅವರ ಮೇಲ್ವಿಚಾರಕನೇ ಕರ್ಕೊಂಡು ಬರ್ತಾನೆ."

ಮೇಲ್ವಿಚಾರಕನ ಹೆಸರು ರೊಗೊವ್. ದಪ್ಪ ಕನ್ನಡಕ, ಬೂದು ಸೂಟು. ತಂಡದ ಹುಡುಗಿಯರು ಎಲ್ಲಿ ಹೋದರೂ ಹತ್ತು ಹೆಜ್ಜೆ ಹಿಂದೆ ಇರುವವನು. ಅವನೇ ತೆಗೆದಿದ್ದಾನೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕಾಗದ ಅವನ ಕೈಸೇರಿದರೆ ಹುಡುಗಿ ಸಂಜೆ ಓಡುವುದಿಲ್ಲ. ರಾತ್ರಿಯೇ ವಿಮಾನ ಹತ್ತಿಸುತ್ತಾರೆ. ಓದುವ ಸೀಟೂ ಹೋಗುತ್ತದೆ, ಅಪ್ಪನ ಕೆಲಸವೂ ಹೋಗುತ್ತದೆ.

"ನಿನ್ನೆ ನಾಲ್ಕರಿಂದ ಬಾಗಿಲು ಹಾಕೋವರೆಗೆ ಇಲ್ಲಿ ಯಾರ್ಯಾರಿದ್ರು?" ಥೋರಾ ಕೇಳಿದಳು.

"ನಾನು ನಾಲ್ಕೂಕಾಲಿಗೆ ಹೋದೆ. ಚರ್ಚಲ್ಲಿ ಪಿರೋಹಿ ಕಡುಬು ಮಾಡೋ ಪಾಳಿ ಇತ್ತು. ಪರಾಸ್ಕಾ ಇದ್ದಳು, ಹುಡುಗ ಡ್ವೇನ್ ಇದ್ದ. ರೊಗೊವ್ ಐದಕ್ಕೆ ಬಂದಿದ್ದನಂತೆ. ವಾಸಿಲ್ ಸೋಪು ತಂದಿಟ್ಟ."

"ನಾನು ತೆಗೆದಿಲ್ಲ," ಎಂದೆ.

"ನಾನು ಕೇಳಿಲ್ಲ," ಎಂದಳು ಥೋರಾ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗಾಯಿತು ನನ್ನ ಪಾಡು.

ಅವಳು ಮೇಜಿನ ಮೇಲಿನ ಅಟ್ಟಿಯ ಮುಂದೆ ನಿಂತಳು. ಕೆಂಪು ಓಟದ ಅಂಗಿ, ತೋಳುಗಳು ಬೆನ್ನ ಹಿಂದೆ, ಕುತ್ತಿಗೆ ಒಳಕ್ಕೆ. ಪೈಜಾಮ ಮೂರು ಮಡಿಕೆ. ಕಾಲುಚೀಲಗಳು ಒಂದರೊಳಗೊಂದು. ಎಲ್ಲವನ್ನೂ ನೋಡಿದಳು, ಯಾವುದನ್ನೂ ಮುಟ್ಟಲಿಲ್ಲ.

"ನೀವು ಪೊಟ್ಟಣ ಇಡುವಾಗ ಬಟ್ಟೆ ಹೊರಗೆ ತೆಗೆದಿದ್ರಾ?"

"ಇಲ್ಲ. ಒಣಗಿ ಬಂದ ಚೀಲ, ನನಗೆ ಅವಸರ. ಪಿನ್ನು ತೆಗೆದು ಪಕ್ಕದಲ್ಲಿ ತುರುಕಿ ಮತ್ತೆ ಪಿನ್ನು ಹಾಕ್ದೆ, ಅಷ್ಟೇ."

"ಯಾರಾದ್ರೂ ನೋಡಿದ್ರಾ?"

"ಯಾರೂ ಇರಲಿಲ್ಲ. ಪರಾಸ್ಕಾ ಯಂತ್ರದ ಹತ್ತಿರ ಬೆನ್ನು ಮಾಡಿ ನಿಂತಿದ್ದಳು."

"ಸರಿ. ಬಟ್ಟೆ ಹಾಗೇ ಚೀಲಕ್ಕೆ ಹಾಕಿ. ಯಾರ ಹತ್ರಾನೂ ಕಾಗದ ಅನ್ನೋ ಪದ ಎತ್ತಬೇಡಿ."

ಮೊದಲು ರೊಗೊವ್. ಊಟದ ಮನೆಯಲ್ಲಿ ಅವನು ಮೂರು ಮೊಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಥೋರಾ ತನ್ನ ಚೀಟಿ ಪುಸ್ತಕ ತೆಗೆದು ನನಗೆ ಸನ್ನೆ ಮಾಡಿದಳು. ನನ್ನದು ಆಲ್ಬರ್ಟಾದ ಗೋಧಿ ಹೊಲದಲ್ಲಿ ಕಲಿತ ಉಕ್ರೇನಿ, ಅವನದು ಪೇಟೆಯ ರಷ್ಯನ್. ಇಬ್ಬರೂ ಅರ್ಧರ್ಧ ದಾರಿ ನಡೆದು ಬಂದು ಮಾತಾಡಬೇಕಿತ್ತು.

"ಲಾಂಡ್ರೀಲಿ ಒಂದು ಕೈಗಡಿಯಾರ ಸಿಕ್ಕಿದೆ. ನಿಮ್ಮದಾ ಅಂತ ಕೇಳ್ತಿದಾರೆ."

ಅವನು ತೋಳು ಸರಿಸಿ ತನ್ನ ಗಡಿಯಾರ ತೋರಿಸಿದ. "ನಂದು ಇಲ್ಲೇ ಇದೆ."

"ನಿನ್ನೆ ಎಷ್ಟು ಹೊತ್ತು ಇದ್ರಿ ಅಲ್ಲಿ?"

"ಅರ್ಧ ಗಂಟೆ. ಚೀಲ ಎಣಿಸ್ದೆ. ಮೂವತ್ತೊಂದು ಇರಬೇಕು, ಇತ್ತು. ಆಮೇಲೆ ಆ ಹುಡುಗ ಬಿಡಲಿಲ್ಲ, ಪಿನ್ನು ಪಿನ್ನು ಅಂತ ಜೀವ ತಿಂದ." ಅವನು ಮೊಟ್ಟೆಗೆ ಉಪ್ಪು ಹಾಕಿಕೊಂಡ. "ಅಂದ ಹಾಗೆ, ಇನ್ನೂರ ಹದಿನಾಲ್ಕು ಚೀಲ ಮೊದಲು ಕೊಡೋಕೆ ಹೇಳಿ. ಆ ಹುಡುಗಿ ಐದಕ್ಕೆ ಓಡ್ಬೇಕು. ಅಂಗಿ ಅದರೊಳಗಿದೆ. ನಿನ್ನೇನೇ ತಗೊಂಡು ಹೋಗೋಣ ಅಂತ ಕೈ ಹಾಕ್ದೆ, ಆ ಇನ್ನೊಬ್ಬ ಅಜ್ಜಿ ಕಣ್ಣು ಕೆಕ್ಕರಿಸಿ ಕಳಿಸಿಬಿಟ್ಟರು."

ಹೊರಗೆ ಬರುತ್ತಲೇ ನಾನು ಥೋರಾಳ ತೋಳು ಹಿಡಿದೆ. "ಕೇಳಿದ್ರಾ? ಬಾಯಿಬಿಟ್ಟು ಹೇಳಿದ, ಇನ್ನೂರ ಹದಿನಾಲ್ಕಕ್ಕೆ ಕೈ ಹಾಕಿದೆ ಅಂತ."

"ಕೇಳಿದೆ. ಕಾಗದ ಅವನ ಜೇಬಲ್ಲಿದ್ದರೆ ಅವಳು ಇವತ್ತು ಓಡಲ್ಲ ಅಂತ ನೀವೇ ಹೇಳಿದ್ರಿ."

"ಹೌದು."

"ಓಡದೇ ಇರೋಳ ಅಂಗಿ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ತಾನಾ?"

ಬೆಳಗ್ಗೆಯೇ ಒಬ್ಬನನ್ನು ಕಳ್ಳ ಎಂದು ತೀರ್ಮಾನಿಸಿದವನಿಗೆ ಅವನನ್ನು ಬಿಟ್ಟುಕೊಡುವುದು ಕಷ್ಟ.

ಡ್ವೇನ್ ಗೇಟಿನ ಹತ್ತಿರ ಸಿಕ್ಕ. ಹತ್ತೊಂಬತ್ತು ವರ್ಷ, ಎಂಜಿನಿಯರಿಂಗ್ ಓದುವವ. ಅಂಗಿಯ ಬಟ್ಟೆಯೇ ಕಾಣದಷ್ಟು ಪಿನ್ನು ಚುಚ್ಚಿಕೊಂಡಿದ್ದ. ಆ ಹತ್ತು ದಿನ ಊರಿಗೇ ಆ ಹುಚ್ಚು ಹಿಡಿದಿತ್ತು — ಪ್ರತಿ ದೇಶದ ತಂಡವೂ ತನ್ನ ಲಾಂಛನದ ಪಿನ್ನು ತಂದಿತ್ತು. ಬೀದಿಬೀದಿಯಲ್ಲಿ ಬದಲಾಟ.

"ಆ ಕೆಂಪು ನಕ್ಷತ್ರ ಹೊಸದು. ನಿನ್ನೆ ಮಧ್ಯಾಹ್ನ ಇರಲಿಲ್ಲ," ಎಂದಳು ಥೋರಾ.

ಹುಡುಗನ ಕಿವಿ ಕೆಂಪಾಯಿತು. "ಕದ್ದಿಲ್ಲ ಮೇಡಂ. ಆ ಕನ್ನಡಕದವರ ಹತ್ರ ತಗೊಂಡೆ. ಎರಡು ಕೌಬಾಯ್ ಟೋಪಿ ಪಿನ್ನು, ಒಂದು ಕಾಡೆಮ್ಮೆ ಪಿನ್ನು ಕೊಟ್ಟೆ. ಮೂರು ಕೊಟ್ಟು ಒಂದು. ಅವರು ಭಾರಿ ಜುಗ್ಗರು."

"ಎಲ್ಲಿ ನಡೀತು ವ್ಯಾಪಾರ?"

"ಲಾಂಡ್ರಿ ಕಪಾಟಿನ ಹತ್ರಾನೇ. ಅವರು ಬಂದಾಗಿಂದ ಹೋಗೋವರೆಗೂ ನಾನು ಅಂಟಿಕೊಂಡೇ ಇದ್ದೆ. ಐದೂವರೆಗೆ ಇಬ್ಬರೂ ಒಟ್ಟಿಗೇ ಗೇಟಿನ ತನಕ ನಡ್ಕೊಂಡು ಹೋದ್ವಿ. ಅಲ್ಲೂ ಚೌಕಾಸಿ ಮಾಡಿದ್ರು."

"ನೀವಿಬ್ರೂ ಹೋದ್ಮೇಲೆ ಒಳಗೆ ಯಾರಿದ್ರು?"

"ಪರಾಸ್ಕಾ ಅಜ್ಜಿ. ಬೀಗದ ಕೈ ಅವರ ಹತ್ರಾನೇ ಇರೋದು."

ಥೋರಾ ವ್ಯಾನು ಹತ್ತಿದಳು. ಸೀಟಿನ ಮೇಲೆ ನಾನು ಉಂಡೆ ಮಾಡಿ ಎಸೆದಿದ್ದ ನನ್ನ ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ನೀವು ಪಟ್ಟಿಯಿಂದ ಹೊರಗೆ, ಬಸ್ ಡ್ರೈವರ್ರೇ. ಹೆಂಡತಿ ಹೋಗಿ ಎಷ್ಟು ವರ್ಷ ಆಯ್ತು?"

"ಆರು."

"ಕಾಣುತ್ತೆ."

ಯಾಕೆ ಹೊರಗೆ ಎಂದು ಕೇಳಿದೆ. ಹೇಳಲಿಲ್ಲ.

ಲಾಂಡ್ರಿಗೆ ಹಿಂತಿರುಗಿದಾಗ ಹತ್ತು ದಾಟಿತ್ತು. ತೆಕ್ಲಾ ಕೌಂಟರಿನಲ್ಲಿ ಚೀಲ ಇಸಿದುಕೊಳ್ಳುತ್ತಿದ್ದಳು. ಪರಾಸ್ಕಾ ಯಂತ್ರಗಳ ಮುಂದೆ ನಿಂತಿದ್ದಳು. ಅರವತ್ತೊಂದು ವರ್ಷ, ಕುಳ್ಳು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ತೆಕ್ಲಾಳೂ ಅವಳೂ ಶಿಬಿರದ ಕಾಲದ ಗೆಳತಿಯರು. ಮೂವತ್ತೆಂಟು ವರ್ಷದಲ್ಲಿ ಒಂದೇ ಬೀದಿ, ಒಂದೇ ಚರ್ಚು, ಕೊನೆಗೆ ಒಂದೇ ಲಾಂಡ್ರಿ.

ಥೋರಾ ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲೆ ಎಸೆದಳು. "ಅಬ್ಬಾ, ಏನು ಸೆಖೆ. ಪರಾಸ್ಕಾ, ತೆಕ್ಲಾಳ ಒಂದು ಪೊಟ್ಟಣ ಕಾಣ್ತಿಲ್ಲ. ನೀವೇನಾದ್ರೂ ನೋಡಿದ್ರಾ?"

"ಯಾವ ಪೊಟ್ಟಣ?"

"ಚೀಲದಲ್ಲಿ ಇಟ್ಟಿದ್ರಂತೆ."

"ಚೀಲದಲ್ಲಿ ಯಾರಾದ್ರೂ ಏನಾದ್ರೂ ಇಡ್ತಾರಾ? ಚೀಲ ಬಿಚ್ಚಬಾರ್ದು ಅಂತ ಗೋಡೆ ಮೇಲೆ ಬರೆದು ಹಾಕಿದೆ. ನಾನಂತೂ ಬಿಚ್ಚಲ್ಲ."

"ನಿನ್ನೆ ಎಷ್ಟಕ್ಕೆ ಬೀಗ ಹಾಕಿದ್ರಿ?"

"ಆರೂಕಾಲು."

"ಕೆಲಸ ಆರಕ್ಕೇ ಮುಗಿಯುತ್ತಲ್ಲ?"

"ಒಂದು ಯಂತ್ರ ಓಡ್ತಿತ್ತು. ಮುಗೀಲಿ ಅಂತ ಕಾದೆ." ಪರಾಸ್ಕಾ ಮಾತಾಡುತ್ತಲೇ ಥೋರಾಳ ಸ್ವೆಟರ್ ಎತ್ತಿಕೊಂಡು ಕೊಡವಿ, ಎದೆಗೆ ಒತ್ತಿ ಹಿಡಿದು ಮಡಚಿದಳು. ಮೇಜಿನ ಮೇಲಿಟ್ಟು ಅಂಗೈಯಲ್ಲಿ ಒಂದು ಸಲ ಸವರಿದಳು. "ಬೆಲೆಬಾಳೋ ಬಟ್ಟೆ ಹೀಗಾ ಬಿಸಾಕೋದು? ಇಷ್ಟು ಎತ್ತರ ಬೆಳೆದಿದೀರಿ, ಅಷ್ಟು ಗೊತ್ತಾಗಲ್ವಾ?"

"ಗೊತ್ತಾಯ್ತು," ಎಂದಳು ಥೋರಾ. ಆ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ವಾಸಿಲ್, ಬಾಗಿಲು ಹಾಕಿ. ತೆಕ್ಲಾ, ಆ ಚೀಲ ಸ್ವಲ್ಪ ತನ್ನಿ."

ಇನ್ನೂರ ಹದಿನಾಲ್ಕನೆಯ ಚೀಲದಿಂದ ಓಟದ ಅಂಗಿಯನ್ನು ತೆಗೆದು ಅವಳು ಸ್ವೆಟರಿನ ಪಕ್ಕದಲ್ಲಿಟ್ಟಳು. ಒಂದು ಕೆಂಪು, ಒಂದು ಬೂದು. ಎರಡರ ತೋಳೂ ಬೆನ್ನ ಹಿಂದೆ, ಎರಡರ ಕುತ್ತಿಗೆಯೂ ಒಳಕ್ಕೆ.

"ಈ ಲಾಂಡ್ರಿಯಲ್ಲಿ ಚೀಲ ಬಿಚ್ಚೋ ಹಾಗಿಲ್ಲ," ಥೋರಾ ಹೇಳಿದಳು. "ಮುದುರಿ ಬಂದಿದ್ದು ಮುದುರಿಯೇ ಹೋಗಬೇಕು. ಬೇರೆ ಯಾವ ಚೀಲ ಬೇಕಾದ್ರೂ ಬಿಚ್ಚಿ ನೋಡಿ, ಬಟ್ಟೆ ಹಿಂಡಿದ ಹಾಗೇ ಇರುತ್ತೆ. ಇದರಲ್ಲಿ ಮಾತ್ರ ಅಟ್ಟಿ ಕಟ್ಟಿದೆ. ತೆಕ್ಲಾ ಪೊಟ್ಟಣಾನ ಪಕ್ಕದಲ್ಲಿ ತುರುಕಿದ್ರು, ಬಟ್ಟೆ ಮುಟ್ಟಲಿಲ್ಲ. ಅಂದ್ರೆ ಆಮೇಲೆ ಯಾರೋ ಚೀಲ ಪೂರ್ತಿ ಖಾಲಿ ಮಾಡಿದಾರೆ, ಪೊಟ್ಟಣ ತೆಗೆದಿದಾರೆ. ವಾಪಸ್ ತುಂಬುವಾಗ ಮುದುರಿ ತುಂಬೋಕೆ ಅವರ ಕೈ ಒಪ್ಪಿಲ್ಲ. ರೊಗೊವ್ ಆಗಿದ್ರೆ ತುರುಕ್ತಿದ್ದ. ಡ್ವೇನ್ ಅರ್ಧ ನೆಲಕ್ಕೆ ಬೀಳಿಸ್ತಿದ್ದ. ವಾಸಿಲ್ ಜಾಕೆಟ್ ನಾನು ನೋಡಿದೀನಿ."

ತೆಕ್ಲಾ ಎರಡು ಬಟ್ಟೆಯನ್ನೂ ನೋಡುತ್ತ ನಿಂತಿದ್ದಳು. "ಬೆಳಗ್ಗೆ ನಾನೇ ತೆಗೆದೆನಲ್ಲ," ಎಂದಳು. "ನನಗೆ ಯಾಕೆ ಕಾಣಲಿಲ್ಲ?"

"ನೀವೂ ಹೀಗೇ ಮಡಚ್ತೀರಿ, ಅದಕ್ಕೆ. ನಿಮ್ಮ ಕಣ್ಣಿಗೆ ಬಟ್ಟೆ ಅಂದ್ರೆ ಇರೋದೇ ಹೀಗೆ. ಸಾವಿರ ಪೆಟ್ಟಿಗೆ ಬಿಚ್ಚಿದೀನಿ, ಈ ತರಹದ ಮಡಿಕೆ ನಾನು ನೋಡಿರಲಿಲ್ಲ. ಎಲ್ಲಿ ಕಲಿತಿದ್ದು ಇದು?"

"ಶಿಬಿರದಲ್ಲಿ," ಎಂದಳು ತೆಕ್ಲಾ. "ನಾಲ್ಕು ಜನಕ್ಕೆ ಒಂದು ಪೆಟ್ಟಿಗೆ ಇತ್ತು. ಹೀಗೆ ಮಡಚಿದ್ರೆ ಮಾತ್ರ ಹಿಡೀತಿತ್ತು. ಪರಾಸ್ಕಾನೇ ನನಗೆ ಹೇಳಿಕೊಟ್ಟಳು."

ನಾನು ಪರಾಸ್ಕಾ ಬೈಯುತ್ತಾಳೆಂದು ಕಾದೆ. ಅವಳು ಬೈದಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು.

"ನಾನೇ ತೆಗ್ದೆ," ಎಂದಳು.

"ಯಾಕೆ?" ತೆಕ್ಲಾ ಕೇಳಿದಳು.

"ರೊಗೊವ್ ಆ ಚೀಲಕ್ಕೆ ಕೈ ಹಾಕ್ದ. ಮೂವತ್ತೊಂದು ಚೀಲ ಇದ್ವು, ಸರಿಯಾಗಿ ಅದಕ್ಕೇ ಹಾಕ್ದ. ನಾನು ತಡೆಯದೇ ಇದ್ರೆ ಅಲ್ಲೇ ಬಿಚ್ಚಿಬಿಡ್ತಿದ್ದ. ನೀನು ಅದರೊಳಗೆ ಏನೋ ತುರುಕಿದ್ದನ್ನ ಯಂತ್ರದ ಗಾಜಲ್ಲಿ ನಾನು ನೋಡಿದ್ದೆ."

"ನೋಡಿದ್ರೆ ನನ್ನ ಕೇಳ್ಬಹುದಿತ್ತಲ್ಲ ಕಣೆ."

"ನೀನು ಹೇಳಿದ್ಯಾ ನನಗೆ, ನಿನ್ನ ತಮ್ಮನ ಮಗಳು ಬಂದಿದಾಳೆ ಅಂತ? ರಿಜಿಸ್ಟರಲ್ಲಿ ದೆರ್ಕಾಚ್ ಅಂತ ಓದಿ ನಾನೇ ತಿಳ್ಕೋಬೇಕಾಯ್ತು. ವಾಸಿಲ್‌ಗೆ ಹೇಳ್ದೆ. ಬಸ್ ಓಡಿಸೋನಿಗೆ ಹೇಳ್ದೆ. ನಿನ್ನ ಜೊತೆ ಒಂದೇ ಹಲಗೆ ಮೇಲೆ ಮೂರು ವರ್ಷ ಮಲಗಿದೋಳಿಗೆ ಹೇಳಲಿಲ್ಲ."

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಯಾಕೆ ಅಂತಿದ್ದೆ ಅಂತ ಗೊತ್ತಾ?" ಪರಾಸ್ಕಾ ಕೈಗಳನ್ನು ಏಪ್ರನ್ನಿನಲ್ಲಿ ಒರೆಸಿಕೊಂಡಳು. ಕೈ ಒದ್ದೆಯಿರಲಿಲ್ಲ. "ಐವತ್ತೆಂಟರಲ್ಲಿ ನಮ್ಮಣ್ಣಂಗೆ ಒಂದು ಕೋಟು ಕಳಿಸ್ದೆ. ತೋಳಿನ ಅಸ್ತರಿನಲ್ಲಿ ಒಂದು ಕಾಗದ ಹೊಲಿದೆ. ಅವನು ಮೇಷ್ಟ್ರು, ಎರಡು ಮಕ್ಕಳು. ಐದು ತಿಂಗಳಾದ್ಮೇಲೆ ಒಂದು ಕಾರ್ಡು ಬಂತು, ಯಾವುದೋ ಗಣಿ ಊರಿಂದ. ಕೆಲಸ ಬದಲಾಗಿದೆ, ಎಲ್ಲರೂ ಚೆನ್ನಾಗಿದೀವಿ, ಬರೀಬೇಡ. ಅಷ್ಟೇ. ಅದೇ ಕೊನೆ. ಇಪ್ಪತ್ತೈದು ವರ್ಷ ಆಯ್ತು, ಬದುಕಿದಾನೋ ಇಲ್ವೋ ಗೊತ್ತಿಲ್ಲ. ಕಾಗದ ಬರೆದೋಳು ನಾನು."

"ನನಗೆ ಯಾವತ್ತೂ ಹೇಳಲಿಲ್ಲ ನೀನು."

"ಹೇಳೋಕೆ ಮುಖ ಇರ್ಬೇಕಲ್ಲ."

ಬಿಸಿ ಹಾಲಿನಲ್ಲಿ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಎಂದು ನಗುವುದು ಸುಲಭ. ಬಾಯಿ ಸುಟ್ಟವಳು ಇಪ್ಪತ್ತೈದು ವರ್ಷ ನಮ್ಮ ನಡುವೆಯೇ ಹಾಡಿ, ಜಗಳವಾಡಿ, ಹಿಟ್ಟು ನಾದುತ್ತಿದ್ದಳು. ಒಬ್ಬರೂ ಕೇಳಿರಲಿಲ್ಲ. ನನಗೆ ಆಗ ಆದ ನಾಚಿಕೆ ಇನ್ನೂ ಹೋಗಿಲ್ಲ.

"ಪೊಟ್ಟಣ ಎಲ್ಲಿದೆ?" ಥೋರಾ ಮೆಲ್ಲಗೆ ಕೇಳಿದಳು.

"ಕುದಿನೀರಿನ ಯಂತ್ರಕ್ಕೆ ಹಾಕ್ದೆ, ಹೊಲಿಗೆ ಬಿಚ್ಚದೇನೇ. ಬೇರೆಯವರ ಕಾಗದ ಓದೋಳಲ್ಲ ನಾನು. ಒಳಗೆ ಬಟ್ಟೆ ಇದೆ ಅಂತ ಕೈಗೆ ಗೊತ್ತಾಯ್ತು. ಕಾಗದ ಕರಗಲಿ, ಬಟ್ಟೆ ಉಳೀಲಿ. ಹುಡುಗಿ ಊರಿಗೆ ಹೋದ್ಮೇಲೆ ಬಟ್ಟೆ ವಾಪಸ್ ಕೊಟ್ಟು ಕಾಲು ಹಿಡ್ಕೊಳ್ಳೋಣ ಅಂದ್ಕೊಂಡಿದ್ದೆ." ಅವಳು ತನ್ನ ಕೈಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದು ಜೋತುಬಿದ್ದಿತ್ತು, ಒಳಗೆ ಮಾತ್ರ ಏನೋ ಗಟ್ಟಿ.

ತೆಕ್ಲಾ ಹಲ್ಲಿನಿಂದ ದಾರ ಕಡಿದು ಹೊಲಿಗೆ ಬಿಚ್ಚಿದಳು. ಒಳಗಿದ್ದದ್ದು ಅಂಗೈಯಗಲದ ಒಂದು ಬಿರುಸು ತುಂಡು. ಕಪ್ಪು ನೆಲದ ಮೇಲೆ ಕೆಂಪು ಹೂವುಗಳು ಒಂದರ ಮೇಲೊಂದು ಕುಗ್ಗಿ ಕುಳಿತಿದ್ದವು. ನಡುವೆ ಕಾಗದದ ಬೂದು ಮುದ್ದೆ.

"ಉಣ್ಣೆ," ಎಂದಳು ತೆಕ್ಲಾ. "ಕುದಿನೀರಿಗೆ ಹಾಕಿದ್ಯಲ್ಲೇ. ಇದು ಉಣ್ಣೆ, ಕುಗ್ಗಿಹೋಯ್ತು."

ಪರಾಸ್ಕಾ ಬಗ್ಗಿ ನೋಡಿದಳು. ನೋಡನೋಡುತ್ತ ಅವಳ ಗಟ್ಟಿ ಮುಖ ಒಡೆಯಿತು. "ಇದು ಆ ವಸ್ತ್ರಾನಾ? ಶಿಬಿರದಲ್ಲಿ... ಆ ಚಳಿಗಾಲ..."

"ಅದೇ."

"ನಾವಿಬ್ರೂ ಹೊದ್ಕೊಳ್ತಿದ್ವಲ್ಲ."

"ಅದೇ ಕಣೆ."

ಪರಾಸ್ಕಾ ನೆಲದ ಮೇಲೆ ಕುಳಿತು ಬಾಯಿಗೆ ಏಪ್ರನ್ ಒತ್ತಿಕೊಂಡಳು. ಅವಳು ಅತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ತೆಕ್ಲಾ ಅವಳ ಹತ್ತಿರ ಹೋಗಲಿಲ್ಲ, ಬೈಯಲೂ ಇಲ್ಲ. ಆ ತುಂಡನ್ನು ಎಳೆದು ಎಳೆದು ಅಗಲ ಮಾಡಲು ನೋಡುತ್ತಿದ್ದಳು.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಥೋರಾ ತನ್ನ ಚೀಟಿ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನಿನ ಜೊತೆ ತೆಕ್ಲಾಳ ಮುಂದಿಟ್ಟಳು. "ಅರ್ಧ ಗಂಟೆ ಇದೆ. ಚಿಕ್ಕದಾಗಿ ಬರೆದುಬಿಡಿ. ರೊಗೊವ್ ಏನೂ ಹುಡುಕ್ತಿಲ್ಲ. ಅವನಿಗೆ ಬೇಕಿರೋದು ಬರೀ ಅಂಗಿ."

ತೆಕ್ಲಾ ಪೆನ್ನು ಹಿಡಿದಳು. ಒಂದು ನಿಮಿಷ, ಎರಡು ನಿಮಿಷ. ಹಾಳೆ ಖಾಲಿಯಾಗಿಯೇ ಇತ್ತು. ಆಮೇಲೆ ನೆಲದ ಮೇಲಿದ್ದ ಪರಾಸ್ಕಾಳ ಕಡೆ ನೋಡಿ ಪೆನ್ನು ಕೆಳಗಿಟ್ಟಳು.

"ಬೇಡ. ಇವಳಣ್ಣ ಮೇಷ್ಟ್ರಾಗಿದ್ದ. ನನ್ನ ತಮ್ಮ ಏನಾಗಿದಾನೋ ನಂಗೆ ಗೊತ್ತೂ ಇಲ್ಲ."

"ಆ ಕಾಗದದಲ್ಲಿ ನೀವು ಏನು ಕೇಳಿದ್ರಿ?"

"ಏನೇನೋ ಬರೆದಿದ್ದೆ. ಕೇಳಿದ್ದು ಒಂದೇ. ಅಮ್ಮ ಇದಾಳಾ ಅಂತ."

ಥೋರಾ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ಅಷ್ಟನ್ನ ಬಾಯಲ್ಲೇ ಕೇಳೋಕೆ ಆಗಲ್ವಾ?"

ಹೆದರಿಕೆ ಗೊತ್ತಿಲ್ಲದವರಿಗೆ ಎಲ್ಲವೂ ಸುಲಭ ಎಂದು ನನಗೆ ಅವಳ ಮೇಲೆ ಸ್ವಲ್ಪ ಸಿಟ್ಟೇ ಬಂತು.

ಹನ್ನೆರಡಕ್ಕೆ ಸರಿಯಾಗಿ ರೊಗೊವ್ ಬಂದ. ಪಕ್ಕದಲ್ಲಿ ಹುಡುಗಿ. ಉದ್ದ ಕಾಲು, ಎರಡು ಜಡೆ, ಮೂಗಿನ ಮೇಲೆ ಬಿಸಿಲಿಗೆ ಸುಲಿದ ಸಿಪ್ಪೆ. ತೆಕ್ಲಾ ಇನ್ನೂರ ಹದಿನಾಲ್ಕನೆಯ ಚೀಲವನ್ನು ಕೌಂಟರಿನ ಮೇಲಿಟ್ಟು ರಿಜಿಸ್ಟರ್ ತಿರುಗಿಸಿದಳು. ಹುಡುಗಿ ಸಹಿ ಮಾಡಲಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡಿದಳು. ಮೇಲೆ, ಕೆಳಗೆ, ಪಕ್ಕದಲ್ಲಿ. ಮತ್ತೊಮ್ಮೆ ಒತ್ತಿದಳು.

"ನಂದು ಬೇರೆ ಏನೂ ಉಳಿದಿಲ್ವಾ, ಅಮ್ಮಾ?"

"ಇಲ್ಲ ಮಗಳೇ. ಅಷ್ಟೇ."

ಹುಡುಗಿ ಕಣ್ಣು ಕೆಳಗೆ ಮಾಡಿ ಸಹಿ ಹಾಕಿದಳು. ಚೀಲ ಎತ್ತಿಕೊಂಡು ತಿರುಗಿದಳು. ಇನ್ನು ಎರಡು ಹೆಜ್ಜೆ ಇಟ್ಟಿದ್ದರೆ ಮುಗಿದೇ ಹೋಗುತ್ತಿತ್ತು.

"ಮನೇಲಿ ಅಜ್ಜಿ ಇದಾರಾ?"

ತೆಕ್ಲಾಳ ದನಿ ಎಂದು ನನಗೆ ಗೊತ್ತಾಗುವುದಕ್ಕೇ ಒಂದು ಕ್ಷಣ ಬೇಕಾಯಿತು. ಹುಡುಗಿ ನಿಂತಳು. ಕಣ್ಣು ಸೀದಾ ರೊಗೊವ್ ಕಡೆ ಹೋಯಿತು. ಅವನು ಉಳಿದ ಚೀಲಗಳನ್ನು ಎಣಿಸುತ್ತಿದ್ದ. ಲೆಕ್ಕ ತಪ್ಪಿ ತಲೆ ಎತ್ತಿದ.

"ಏನು ಹಾಗೆ ನಿಂತೆ? ಹಿರಿಯರು ಕೇಳ್ತಿದಾರಲ್ಲ, ಹೇಳು," ಎಂದು ಗದರಿಸಿ ಮತ್ತೆ ಒಂದರಿಂದ ಎಣಿಸತೊಡಗಿದ.

ಅಷ್ಟೇ. ನಲವತ್ತು ವರ್ಷ ನಾವು ಹೆದರಿದ್ದ ಮಾತು ಅಷ್ಟೇ ಆಗಿತ್ತು.

"ಅಜ್ಜಿ ಹೋದ ಮಾರ್ಚಿನಲ್ಲಿ ತೀರಿಕೊಂಡರು," ಎಂದಳು ಹುಡುಗಿ.

ಮಾರ್ಚ್, ಏಪ್ರಿಲ್, ಮೇ, ಜೂನ್. ನಾನು ಬೆರಳು ಮಡಿಸಿದೆ.

"ಕಷ್ಟಪಟ್ಟರಾ?"

"ಇಲ್ಲ. ಚೆನ್ನಾಗೇ ಇದ್ದರು. ಮನೆ ಬಾಗಿಲಿಗೆ ಚಿಲಕ ಹಾಕೋಕೆ ಮಾತ್ರ ಬಿಡ್ತಿರ್ಲಿಲ್ಲ. ಎಷ್ಟು ಹಿಮ ಬಿದ್ರೂ ಬಿಡ್ತಿರ್ಲಿಲ್ಲ. ನಾನು ಹುಟ್ಟಿದಾಗಿಂದ ನಮ್ಮನೆ ಬಾಗಿಲು ಚಿಲಕ ಕಂಡಿಲ್ಲ."

"ಅದ್ಯಾಕೆ?" ರೊಗೊವ್ ಎಣಿಸುತ್ತಲೇ ಕೇಳಿದ.

"ಯಾರೋ ಬರೋದಿತ್ತಂತೆ." ಹುಡುಗಿ ತೆಕ್ಲಾಳನ್ನೇ ನೋಡುತ್ತಿದ್ದಳು. "ಅಪ್ಪ ಈಗ್ಲೂ ಹಾಕಲ್ಲ."

ತೆಕ್ಲಾ ರಿಜಿಸ್ಟರಿನಲ್ಲಿ ಹುಡುಗಿಯ ಸಹಿಯ ಮುಂದೆ ವೇಳೆ ಬರೆದಳು. ಹನ್ನೆರಡು ಗಂಟೆ ಆರು ನಿಮಿಷ. "ಓಟ ಚೆನ್ನಾಗಾಗಲಿ ಮಗಳೇ," ಎಂದಳು.

ಅವರು ಮೆಟ್ಟಿಲು ಹತ್ತಿ ಹೋದ ಮೇಲೂ ತೆಕ್ಲಾ ಬಾಗಿಲ ಕಡೆಯೇ ನೋಡುತ್ತಿದ್ದಳು. ಕೌಂಟರಿನ ಆಚೆ ಕೊರಿಯಾದ ಇಬ್ಬರು ಹುಡುಗರು ತಮ್ಮ ನಂಬರು ಹಿಡಿದು ಕಾಯುತ್ತಿದ್ದರು. ಪರಾಸ್ಕಾ ನೆಲದಿಂದ ಎದ್ದು, ಮುಖ ಒರೆಸಿಕೊಂಡು, ಕಪಾಟಿನಿಂದ ಅವರ ಚೀಲ ತಂದು ತೆಕ್ಲಾಳ ಮುಂದೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಕೊನೆಗೆ ತೆಕ್ಲಾ ಅವಳ ಮುಖ ನೋಡದೆ ಕೈ ಚಾಚಿ ಅದನ್ನು ತೆಗೆದುಕೊಂಡಳು.